ಸೋಮಮ್ಮನ ಎಡಗಾಲು

ಕಟ್ಟೆಮಳಲವಾಡಿಯ ಸೋಮಮ್ಮನ ಎಡಗಾಲಿಗೆ ಇದ್ದ ಮರ್ಯಾದೆ ಅವಳ ಮುಖಕ್ಕೆ ಯಾವತ್ತೂ ಸಿಕ್ಕಿರಲಿಲ್ಲ. ಎಲ್ಲರೂ ತಾಯಿಯ ಹೊಟ್ಟೆಯಿಂದ ತಲೆ ಮುಂದಾಗಿ ಬಂದರೆ ಇವಳು ಕಾಲು ಮುಂದಾಗಿ ಬಂದಳಂತೆ. ಅವಳು ಮಾಡಿದ್ದು ಅಷ್ಟೇ. ಅಂಥವರು ಒದ್ದರೆ ಸೊಂಟದ ಉಳುಕು ಹೋಗುತ್ತದೆ ಎಂದು ಆ ಕಡೆಯ ಜನ ನಂಬುತ್ತಾರೆ. ನಂಬಿದ ಮೇಲೆ ಕೇಳಬೇಕೆ? ಹುಣಸೂರಿನಿಂದ, ಪಿರಿಯಾಪಟ್ಟಣದಿಂದ, ಒಮ್ಮೊಮ್ಮೆ ಎಚ್.ಡಿ. ಕೋಟೆ ಕಡೆಯಿಂದಲೂ ಸೊಂಟ ಹಿಡಿದುಕೊಂಡು ಬಂದು ಅವಳ ಜಗಲಿಯ ಮುಂದೆ ಬೋರಲು ಬೀಳುತ್ತಿದ್ದರು. ಬೈಕಿನಲ್ಲಿ ಬಂದವನೊಬ್ಬ ಹೆಲ್ಮೆಟ್ಟನ್ನೂ ತೆಗೆಯದೆ ಮಲಗಿ ಒದೆಸಿಕೊಂಡು ಹೋಗಿದ್ದ.

ವಿಧಾನ ಬಹಳ ಸರಳ. ಬಂದವರು ಗೋಣಿಚೀಲದ ಮೇಲೆ ಮಲಗಬೇಕು. ಸೋಮಮ್ಮ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ನೋವಿರುವ ಜಾಗಕ್ಕೆ ಎಡಗಾಲಿನ ಹೆಬ್ಬೆರಳನ್ನು ಎರಡು ಸಲ ತಾಗಿಸಿ, ಮೂರನೆಯ ಸಲ ಹಿಮ್ಮಡಿಯಿಂದ ಒಂದು ಒದೆ ಕೊಡುವಳು. ಹೀಗೆ ಮೂರು ದಿನ, ಬೆಳಿಗ್ಗೆ, ಮುಖ ತೊಳೆಯುವ ಮುಂಚೆ. ಮೂರು ದಿನ ಸುಮ್ಮನೆ ಬಿಟ್ಟರೆ ಎಮ್ಮೆಯ ಉಳುಕೂ ತಾನಾಗಿ ಹೋಗುತ್ತದೆ ಎಂಬುದು ಸೋಮಮ್ಮನಿಗೆ ಗೊತ್ತಿರಲಿಲ್ಲ ಎಂದಲ್ಲ. ಅದನ್ನು ಯಾರೂ ಕೇಳಲಿಲ್ಲ. ಕೇಳದೆ ಇದ್ದದ್ದನ್ನು ಎದ್ದು ಹೇಳುವುದಕ್ಕೆ ಅವಳಿಗೇನು ಹುಚ್ಚೇ? ಅವಳದೇ ಸೊಂಟ ಹಿಡಿದುಕೊಂಡಾಗ ಅವಳು ಹುಣಸೂರಿನ ಮೆಡಿಕಲ್ ಸ್ಟೋರಿಗೆ ಹೋಗಿ, ಗಂಡನಿಗೆ ಬೇಕು ಎಂದು ಸುಳ್ಳು ಹೇಳಿ, ಮುಲಾಮು ತಂದು ಹಚ್ಚಿಕೊಳ್ಳುತ್ತಿದ್ದಳು.

ನಲವತ್ತು ವರ್ಷ ಹೀಗೆ ಒದ್ದೂ ಒದ್ದೂ, ಜನರ ಬಗ್ಗೆ ಅವಳಿಗೆ ಉಳಿದದ್ದು ತಾತ್ಸಾರವೊಂದೇ. ಬೆಳಿಗ್ಗೆ ಎದ್ದರೆ ಮುಖಗಳಲ್ಲ, ಬೆನ್ನುಗಳು ಕಾಣುತ್ತಿದ್ದವು. ಕುಡಿದು ಮೋರಿಗೆ ಬಿದ್ದವನು "ಸುಮ್ನೆ ಬಗ್ಗಿದೆ ಕಣವ್ವ, ಇಡ್ಕಂಬುಡ್ತು" ಎನ್ನುವನು. ಹೆಂಡತಿಯ ಕೈಲಿ ನೀರು ಹೊರಿಸಿ ತಾನು ಕಟ್ಟೆಯ ಮೇಲೆ ಕೂತೇ ಸೊಂಟ ನೋಯಿಸಿಕೊಂಡವನು ದೃಷ್ಟಿ ತಗುಲಿದೆ ಎನ್ನುವನು. "ನಿನ್ನ ಸೊಂಟಕ್ಕಲ್ಲ ಕಣ್ಲಾ, ನಿನ್ನ ಬುದ್ಧಿಗೆ ಒದೀಬೇಕಿತ್ತು" ಎಂದು ಸೋಮಮ್ಮ ಬಾಯಿ ತುಂಬ ಬೈದೇ ಒದೆಯುತ್ತಿದ್ದಳು. ಅವರು ಹಲ್ಲು ಕಿರಿದು, ಎದ್ದು, "ಓಯ್ತು ಸೋಮಮ್ಮ" ಎಂದು ಆ ಕಾಲಿಗೇ ಕೈಮುಗಿದು ತೆಂಗಿನಕಾಯಿ ಇಟ್ಟು ಹೋಗುತ್ತಿದ್ದರು. ಬೈಗುಳಕ್ಕೂ ಔಷಧದ ಗುಣವಿದೆ ಎಂದು ಊರಲ್ಲಿ ಮಾತಾಗಿತ್ತು. ಇಂಥ ಜನಕ್ಕೆ ಏನು ಹೇಳುವುದು?

ಅವಳ ಗಂಡ ಮಂಟಯ್ಯನಿಗಂತೂ ಹೆಂಡತಿಯ ಕಾಲು ಸಿಕ್ಕಿದ್ದೇ ಒಂದು ಉದ್ಯೋಗ ಸಿಕ್ಕಂತಾಗಿತ್ತು. ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ಬಂದವರಿಗೆ ಅವಳ ಹುಟ್ಟಿನ ಕಥೆ ಹೇಳುವನು. ಸೂಲಗಿತ್ತಿ ಮೊದಲು ಎಡಗಾಲನ್ನೇ ಕಂಡಳಂತೆ, ಆ ಕಾಲು ಹೊರಗೆ ಬಂದದ್ದೇ ಸೂಲಗಿತ್ತಿಯ ಕೈಗೆ ಒದೆಯಿತಂತೆ, ಸೂಲಗಿತ್ತಿಗೆ ಎಂಟು ವರ್ಷದಿಂದ ಇದ್ದ ಕೈನೋವು ಅಲ್ಲೇ ಹೋಯಿತಂತೆ. ಸೋಮಮ್ಮ ಹುಟ್ಟಿದಾಗ ಇವನಿಗೆ ಮೂರು ವರ್ಷ, ಇದ್ದದ್ದು ಬೇರೆ ಊರಿನಲ್ಲಿ. ಆದರೂ ವರ್ಷ ಕಳೆದಂತೆ ಅವನ ನೆನಪು ಚೆನ್ನಾಗಿ ಬೆಳೆಯುತ್ತಿತ್ತು.

ಹೀಗೆ ನಡೆದುಕೊಂಡು ಹೋಗುತ್ತಿದ್ದುದಕ್ಕೆ ಅಡ್ಡ ಬಂದದ್ದು ಮೊಮ್ಮಗಳು ಕಾವ್ಯಶ್ರೀಯ ಬೆನ್ನಿನ ತುದಿ.

ಕಾವ್ಯಶ್ರೀಗೆ ಹನ್ನೆರಡು ವರ್ಷ, ಏಳನೇ ಕ್ಲಾಸು. ಆ ಒಂದು ವರ್ಷದಲ್ಲಿ ಎಷ್ಟು ಉದ್ದ ಬೆಳೆದಿದ್ದಳೆಂದರೆ ತಾಯಿ ಲಕ್ಷ್ಮಿದೇವಿ ಅವಳ ಯೂನಿಫಾರಂ ಲಂಗದ ಅಂಚನ್ನು ಎರಡು ಸಲ ಬಿಚ್ಚಿ ಇಳಿಸಿದ್ದಳು. ಮೈಯಲ್ಲಿ ಮೂಳೆಗಳೇ. ಆಷಾಢದಲ್ಲಿ ಒಂದು ದಿನ ಸ್ಕೂಲಿನಲ್ಲಿ ಕೂತುಕೊಳ್ಳಲು ಹೋದಾಗ ಯಾವಳೋ ಗೆಳತಿ ತಮಾಷೆಗೆಂದು ಹಿಂದಿನಿಂದ ಕುರ್ಚಿ ಎಳೆದಳು. ಹುಡುಗಿ ಸಿಮೆಂಟು ನೆಲದ ಮೇಲೆ ದಪ್ಪನೆ ಕೂತಳು. ಬೆನ್ನುಮೂಳೆ ಮುಗಿಯುವ ತುದಿಯಲ್ಲಿ, ಬಾಲದ ಮೂಳೆ ಅನ್ನುತ್ತಾರಲ್ಲ ಅಲ್ಲಿ, ನೋವು ಹಿಡಿದುಕೊಂಡಿತು. ಮನೆಗೆ ಬಂದವಳು ಒಂದು ಕಡೆಗೆ ವಾಲಿಕೊಂಡೇ ಊಟಕ್ಕೆ ಕೂತಳು.

"ಆಸ್ಪತ್ರೆಗೆ ತೋರ್ಸಾನ ಅತ್ತೆ," ಎಂದಳು ಲಕ್ಷ್ಮಿದೇವಿ. ಅವಳು ದಿನಾ ಬಸ್ಸಿನಲ್ಲಿ ಹುಣಸೂರಿಗೆ ಹೋಗಿ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳು, ನಾಲ್ಕು ಜನರನ್ನು ನೋಡಿದವಳು.

ಸೋಮಮ್ಮನ ಮೂಗಿನ ಹೊಳ್ಳೆ ಅರಳಿತು. "ಎಲ್ಲೆಲ್ಲಿಂದ್ಲೋ ನನ್ನತ್ರ ಬತ್ತಾರೆ. ನಮ್ಮನೆ ಕೂಸ್ನ ಉಣಸೂರಿಗೆ ಕರ್ಕೊಂಡೋದ್ರೆ ಕಂಡೋರು ಏನಂದಾರು? ಸುಮ್ಕಿರು."

ನೋಡಿ, ಮುಲಾಮಿನ ವಿಚಾರ ಗೊತ್ತಿದ್ದವಳು ಆಡಿದ ಮಾತಿದು. ಜನರನ್ನು ದಡ್ಡರೆಂದು ಬೈದೂ ಬೈದೂ ಅವಳಿಗೆ ತಾನು ಆ ಲೆಕ್ಕಕ್ಕೆ ಸೇರಿದವಳಲ್ಲ ಎಂಬ ಭಾವನೆ ಬಂದುಬಿಟ್ಟಿತ್ತು.

ಭಾನುವಾರ ಬೆಳಿಗ್ಗೆ ಜಗಲಿಯ ಮುಂದೆ ಆರೇಳು ಜನ ಇದ್ದರು. ಕಾವ್ಯಶ್ರೀ ಗೋಣಿಚೀಲದ ಮೇಲೆ ಮಲಗಿದಳು. ಸೋಮಮ್ಮ ಮೆಲ್ಲಗೆ ತಾಗಿಸಿ ಬಿಟ್ಟುಬಿಡುವ ಅಂದಾಜಿನಲ್ಲೇ ಇದ್ದಳು. ಅಷ್ಟರಲ್ಲಿ ಎದುರು ಮನೆಯ ಚಾಮುಂಡಮ್ಮ, ಯಾರಿಗೂ ಕೆಡುಕು ಬಯಸದೆ ಎಲ್ಲರಿಗೂ ಕೆಡುಕು ಮಾಡುವ ಹೆಂಗಸು, ಸೆರಗಿನಿಂದ ಬಾಯಿ ಒರೆಸಿಕೊಂಡು, "ಮೊಮ್ಮಗ್ಳಿಗೆ ಮೆಲ್ಲುಕ್ಕೆ ಒದೀತಾಳೆ ಬುಡು. ಒದೆ ಎಲ್ಲಾ ನಮ್ಮಂತೋರ್ಗೆ" ಎಂದಳು. ನಿಂತಿದ್ದವರು ನಕ್ಕರು. ಸೋಮಮ್ಮನಿಗೆ ರೇಗಿತು. ಮೂರನೆಯ ಒದೆಯನ್ನು ದೊಡ್ಡವರಿಗೆ ಕೊಡುವುದಕ್ಕಿಂತ ಒಂದು ತೂಕ ಜಾಸ್ತಿಯೇ ಕೊಟ್ಟಳು.

ಹುಡುಗಿಯ ಬೆರಳುಗಳು ಗೋಣಿಯ ಎಳೆಯೊಳಗೆ ಹೊಕ್ಕವು. ಬಾಯಿಂದ ಸದ್ದು ಬರಲಿಲ್ಲ. ಎದ್ದು ನಿಂತಾಗ ಮುಖ ಸುಣ್ಣದಂತಾಗಿತ್ತು.

"ಓಯ್ತಾ ಮಗ?" ಎಂದ ಮಂಟಯ್ಯ.

ಅವಳು ಅಜ್ಜಿಯ ಮುಖ ನೋಡಿದಳು, ನಿಂತಿದ್ದ ಜನರನ್ನು ನೋಡಿದಳು. "ಹೋಯ್ತು ತಾತ," ಎಂದಳು.

ಸೋಮವಾರವೂ ಒದೆಯಾಯಿತು, ಹೋಯ್ತು ಎಂದಳು. ಮಂಗಳವಾರವೂ ಆಯಿತು, ಪೂರ್ತಿ ಹೋಯ್ತು ಎಂದಳು. ಮಂಟಯ್ಯನ ಕಥೆಗೆ ಹೊಸ ಅಧ್ಯಾಯ ಸೇರಿಕೊಂಡಿತು. ಸ್ವಂತ ಮೊಮ್ಮಗಳೆಂದು ಮುಖ ನೋಡದೆ ಒದ್ದಳು, ಹುಡುಗಿ ಹೂವಿನಂತೆ ಎದ್ದಳು ಎಂದು ಬಂದವರಿಗೆಲ್ಲ ಹೇಳಿದ. ಬೆಟ್ಟದಪುರದ ಕಡೆಯಿಂದಲೂ ಜನ ಬರತೊಡಗಿದರು.

ಇಷ್ಟಾದ ಮೇಲೆ ಎರಡು ತಿಂಗಳು ಆ ಹುಡುಗಿ ಆ ಮನೆಯಲ್ಲೇ, ಎಲ್ಲರ ಕಣ್ಣ ಮುಂದೆ, ಕೂತುಕೊಳ್ಳದೆ ಬದುಕಿದಳು. ಊಟವನ್ನು ನಿಂತು ಮಾಡುವಳು. ಕೇಳಿದರೆ "ನಿಂತ್ಕೊಂಡು ತಿಂದ್ರೆ ಉದ್ದ ಆಗ್ತಾರಂತೆ" ಎನ್ನುವಳು. ಹೋಂವರ್ಕನ್ನು ಹೊಟ್ಟೆಯ ಮೇಲೆ ಮಲಗಿ ಬರೆಯುವಳು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಹೆಂಗಸರು ಕಾಲು ಚಾಚಿ ಕೂತು ಕಡ್ಡಿಗೆ ಹಸಿ ಸೊಪ್ಪು ಕಟ್ಟುವಾಗ, ಹೋದ ವರ್ಷ ಎಲ್ಲರಿಗಿಂತ ಬೇಗ ಕಟ್ಟಿದ್ದವಳು ಈ ವರ್ಷ ಕೂರಲೇ ಇಲ್ಲ, ಕಡ್ಡಿ ಹೊತ್ತು ಕೊಡುವ ಕೆಲಸಕ್ಕೆ ನಿಂತಳು. ಕಕ್ಕಸಿಗೆ ಹೋದರೆ ಅರ್ಧ ಗಂಟೆ, ಬರುವಾಗ ಕಣ್ಣು ಕೆಂಪು.

ಇದನ್ನೆಲ್ಲ ಸೋಮಮ್ಮ ನೋಡಲಿಲ್ಲವೇ? ಚೆನ್ನಾಗಿಯೇ ನೋಡಿದಳು. ನೋಡಿ, "ಸೋಂಬೇರಿ ಆಗೋದ್ಲು" ಎಂದಳು. "ಕಕ್ಕಸ್ಸಲ್ಲಿ ಮೊಬೈಲ್ ಇಟ್ಕೊಂಡು ಕುಂತ್ಕತಾಳೆ" ಎಂದಳು. ನಡೆಯುವುದನ್ನು ನೋಡಿಯೇ ಯಾವನ ಸೊಂಟ ಎಲ್ಲಿ ಹಿಡಿದಿದೆ ಎಂದು ಹೇಳುತ್ತೇನೆ ಎಂದು ಜಂಬ ಪಡುತ್ತಿದ್ದವಳಿಗೆ, ದಿನಾ ತಾನೇ ಜಡೆ ಹಾಕುವ ಮಗುವಿನ ಬೆನ್ನು ಕಾಣಲಿಲ್ಲ. ತಾನು ಒದ್ದ ಮೇಲೆ ಅಲ್ಲಿ ನೋವು ಇರುವುದಕ್ಕೆ ಸಾಧ್ಯವೇ ಇರಲಿಲ್ಲವಲ್ಲ.

ಕೊನೆಗೆ ಕಣ್ಣು ಬಿಟ್ಟು ನೋಡಿದ್ದು ಸ್ಕೂಲಿನ ಸುನಂದಮ್ಮ ಟೀಚರ್. ಅವರು ಲಕ್ಷ್ಮಿದೇವಿಗೆ ಫೋನ್ ಮಾಡಿ, ನಿಮ್ಮ ಮಗಳು ದಿನವಿಡೀ ಕ್ಲಾಸಿನ ಹಿಂದೆ ಗೋಡೆಗೆ ಒರಗಿ ನಿಂತಿರುತ್ತಾಳೆ, ಕೇಳಿದರೆ ಸೆಕೆ ಎನ್ನುತ್ತಾಳೆ, ನೆನ್ನೆ ಟೆಸ್ಟನ್ನು ಮಂಡಿಯೂರಿ ಬೆಂಚಿನ ಮೇಲೆ ಪೇಪರ್ ಇಟ್ಟುಕೊಂಡು ಬರೆದಳು, ಏನು ಸಮಾಚಾರ ಎಂದು ಕೇಳಿದರು. ಲಕ್ಷ್ಮಿದೇವಿ ಸಂಜೆ ಮನೆಗೆ ಬಂದವಳೇ ಬ್ಯಾಗನ್ನು ಜಗಲಿಗೆ ಎಸೆದಳು. "ನಾಳೆ ಆಸ್ಪತ್ರೆಗೆ ತೋರಿಸ್ಬೇಕು. ಯಾರು ಏನಾರ ಅನ್ಕೊಳ್ಲಿ," ಎಂದಳು.

ಅಂಗಡಿಯಲ್ಲಿ ಅವಳಿಗೆ ರಜೆ ಸಿಗಲಿಲ್ಲ. "ನಾನೇ ಕರ್ಕೊಂಡೋಯ್ತೀನಿ ಬುಡು" ಎಂದಳು ಸೋಮಮ್ಮ. ಮುದುಕಿಗೆ ಬುದ್ಧಿ ಬಂತು ಎಂದುಕೊಳ್ಳಬೇಡಿ. ಹುಣಸೂರಿಗೆ ಹೋಗಿ, ಹೋಟೆಲಿನಲ್ಲಿ ಮಗುವಿಗೆ ಒಂದು ಮಸಾಲೆ ದೋಸೆ ಕೊಡಿಸಿ, ಡಾಕ್ಟರು ಏನೂ ಇಲ್ಲ ಅಂದರು ಎಂದು ವಾಪಸು ಬರುವುದು ಅವಳ ಯೋಚನೆಯಾಗಿತ್ತು.

ಬಸ್ಸಿನಲ್ಲಿ ಸೀಟುಗಳು ಖಾಲಿ ಇದ್ದವು. ಕಾವ್ಯಶ್ರೀ ಕಂಬಿ ಹಿಡಿದು ನಿಂತೇ ಇದ್ದಳು.

"ಕುಂತ್ಕೋ," ಎಂದಳು ಸೋಮಮ್ಮ.

"ಬೇಡ ಅಜ್ಜಿ."

"ಕುಂತ್ಕೋ ಅಂದ್ನಲ್ಲ. ಜನ ನೋಡ್ತಾವ್ರೆ."

ಹುಡುಗಿ ಕೂತಳು. ಎರಡು ಕೈಯನ್ನೂ ಸೀಟಿಗೆ ಊರಿ, ಮೈಯ ಭಾರವನ್ನೆಲ್ಲ ಕೈಗಳ ಮೇಲೆ ಹೊತ್ತು ಕೂತಳು. ಮುಂದಿನ ಊರಿನ ಹತ್ತಿರ ಬಸ್ಸು ರಸ್ತೆಯ ಹಂಪನ್ನು ಹಾರಿತು. ಕೈ ಜಾರಿತು. ಅವಳು ಕೂಗಲಿಲ್ಲ. ಹಲ್ಲು ಕಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು. ಕಣ್ಣೀರು ಗಲ್ಲದವರೆಗೆ ಇಳಿದು ಯೂನಿಫಾರಂ ಮೇಲೆ ತೊಟ್ಟಿಕ್ಕುತ್ತಿತ್ತು. ಸೋಮಮ್ಮ ನೋಡುತ್ತಲೇ ಇದ್ದಳು. ನಲವತ್ತು ವರ್ಷದಲ್ಲಿ ಎಷ್ಟೋ ಜನರ ನರಳಾಟ ಕೇಳಿದ್ದಳು. ನರಳದೆ ಇರುವುದು ಹೇಗಿರುತ್ತದೆ ಎಂದು ನೋಡಿದ್ದು ಅವತ್ತೇ. ದೋಸೆಯ ಯೋಚನೆ ಅಲ್ಲಿಗೆ ಬಿದ್ದುಹೋಯಿತು.

ಸರ್ಕಾರಿ ಆಸ್ಪತ್ರೆಯಲ್ಲಿ ಇದ್ದವಳು ಒಬ್ಬ ಡಾಕ್ಟರಮ್ಮ, ಒಂದು ಕೈಯಲ್ಲಿ ಎತ್ತಿ ಪಕ್ಕಕ್ಕಿಡಬಹುದಾದಷ್ಟು ಚಿಕ್ಕ ಹುಡುಗಿ. ಇವಳೇನು ಕಿಸಿಯುತ್ತಾಳೆ ಎಂದುಕೊಂಡಳು ಸೋಮಮ್ಮ. ಡಾಕ್ಟರಮ್ಮ ಮುಟ್ಟುವುದಕ್ಕೆ ಮುಂಚೆ ಪ್ರಶ್ನೆ ಕೇಳತೊಡಗಿದಳು. ಹೇಗೆ ಬಿದ್ದೆ? ಕೂತಾಗ ನೋವು ಜಾಸ್ತಿಯೋ, ಎದ್ದೇಳುವಾಗಲೋ? ಮಲಗಿದಾಗ ಕಡಿಮೆಯಾಗುತ್ತದಾ? ಜ್ವರ ಬಂದಿತ್ತಾ? ಕಾಲು ಜೋಮು ಹಿಡಿಯುತ್ತದಾ? ಮೂತ್ರ ಹಿಡಿದುಕೊಳ್ಳಲು ಕಷ್ಟವಾಗುತ್ತದಾ? ಕಕ್ಕಸಿಗೆ ಸಲೀಸಾಗಿ ಆಗುತ್ತದಾ? ಆಮೇಲೆ ಪರದೆಯ ಹಿಂದೆ ಮಲಗಿಸಿ, ನರ್ಸನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಬಾವು ಕೀವು ಏನಾದರೂ ಇದೆಯೇ ಎಂದು ನೋಡಿ, ಒಂದೇ ಬೆರಳಿನಿಂದ ಒತ್ತಿ ಒತ್ತಿ ನೋವಿನ ಜಾಗ ಹುಡುಕಿದಳು.

"ಬಿದ್ದು ಎರಡು ತಿಂಗಳಾಯ್ತು. ಇಷ್ಟೊತ್ತಿಗೆ ಸುಮಾರು ಕಡಿಮೆ ಆಗ್ಬೇಕಿತ್ತು," ಎಂದಳು ಕುರ್ಚಿಗೆ ವಾಪಸು ಬಂದು. "ಬಿದ್ದ ಮೇಲೆ ಮತ್ತೆ ಅಲ್ಲಿಗೆ ಏಟು ಬಿತ್ತಾ ಪುಟ್ಟಿ?"

"ಇಲ್ಲ," ಎಂದಳು ಕಾವ್ಯಶ್ರೀ. ಪ್ರಶ್ನೆ ಮುಗಿಯುವುದಕ್ಕೆ ಮುಂಚೆಯೇ ಹೇಳಿಬಿಟ್ಟಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ಸೋಮಮ್ಮನ ಕಡೆ ತಿರುಗಿ, "ನೀವು ಒಂದೈದು ನಿಮಿಷ ಹೊರಗಿರಿ ಅಮ್ಮ," ಎಂದಳು.

ಸೋಮಮ್ಮ ಹೊರಗೆ ಬಂದು ಬಾಗಿಲಿನ ಪಕ್ಕದಲ್ಲೇ ನಿಂತಳು. ಯಾರ ಜಗಲಿಯಲ್ಲೂ ಕಾಯದವಳು ಬೇರೆಯವರ ಬಾಗಿಲಲ್ಲಿ ನಿಂತು ಕಿವಿ ಕೊಟ್ಟಳು.

"ಮನೇಲಿ ನಿಂಗೆ ಯಾರಾದ್ರೂ ಹೊಡೀತಾರಾ? ನನ್ನ ಹತ್ರ ಹೇಳ್ಬಹುದು."

"ಇಲ್ಲ ಮೇಡಂ. ನಮ್ಮಜ್ಜಿ ತುಂಬಾ ಒಳ್ಳೇವ್ರು. ಯಾರ್ಗೂ ಹೊಡೆಯಲ್ಲ."

ಡಾಕ್ಟರಮ್ಮ ಅಜ್ಜಿಯ ವಿಚಾರ ಕೇಳಿರಲಿಲ್ಲ. ಹುಡುಗಿ ತಾನಾಗಿಯೇ ಅಜ್ಜಿಯ ಹೆಸರು ತೆಗೆದಿದ್ದಳು. ಸೋಮಮ್ಮನಿಗೆ ಅಲ್ಲಿ ನಿಲ್ಲುವುದು ಕಷ್ಟವಾಯಿತು. ನಾಚಿಕೆ ಎಂದರೆ ಅದೇ ಎಂದು ಗುರುತು ಹಿಡಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು, ಅಭ್ಯಾಸವಿರಲಿಲ್ಲ. ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.

"ನಾನೇ ಒದ್ದಿದ್ದು ಕಣಮ್ಮ," ಎಂದಳು. "ಮೂರು ದಿನ ಒದ್ದೆ. ಬರ್ಕೊಳಿ."

ಡಾಕ್ಟರಮ್ಮ ಅವಳನ್ನೇ ನೋಡಿದಳು. "ಯಾಕೆ?"

"ನಾನು ಕಾಲು ಮುಂದಾಗಿ ಉಟ್ಟಿದ್ದೀನಿ. ಅದ್ಕೆ."

ಊರಿನ ಜಗಲಿಯಲ್ಲಿ ನಲವತ್ತು ವರ್ಷ ಘನವಾಗಿ ಕೇಳಿಸುತ್ತಿದ್ದ ಮಾತು ಆ ಕೋಣೆಯಲ್ಲಿ ಎಷ್ಟು ಪೆದ್ದು ಪೆದ್ದಾಗಿ ಕೇಳಿಸಿತೆಂದರೆ ಸೋಮಮ್ಮನೇ ಅದನ್ನು ಮೊದಲ ಸಲ ಕೇಳಿದಂತಾಯಿತು. ಡಾಕ್ಟರಮ್ಮ ನಕ್ಕಿದ್ದರೆ ಚೆನ್ನಾಗಿತ್ತು, ತಿರುಗಿ ಬೈಯಬಹುದಿತ್ತು. ಅವಳು ನಗಲಿಲ್ಲ. ಒಂದು ಚೀಟಿ ತೆಗೆದುಕೊಂಡು, ಬರೆಯುತ್ತಾ ವಿವರಿಸಿದಳು.

"ಮೂಳೆ ಮುರಿದ ಹಾಗೆ ಕಾಣಲ್ಲ. ಈ ವಯಸ್ಸಲ್ಲಿ ಅಲ್ಲಿನ ಚಿಕ್ಕ ಚಿಕ್ಕ ಮೂಳೆ ಇನ್ನೂ ಬೆಳೀತಾ ಇರುತ್ತೆ. ಬಿದ್ದಾಗ ಪೆಟ್ಟಾಗಿದೆ. ಅದು ಆರೋ ಹೊತ್ತಿಗೆ ಮತ್ತೆ ಮತ್ತೆ ಪೆಟ್ಟು ಬಿದ್ದಿದೆ. ಇನ್ನೂ ಕೆಲವು ವಾರ ಬೇಕು. ಗಟ್ಟಿ ನೆಲದ ಮೇಲೆ ಕೂರಿಸ್ಬೇಡಿ. ಕೂರೋ ದಿಂಬನ್ನ ಹಿಂದಗಡೆ ಒಂದು ಕಡೆ ಕತ್ತರಿಸಿ ಖಾಲಿ ಬಿಡಿ, ಆ ಮೂಳೆ ಯಾವುದಕ್ಕೂ ತಾಗಬಾರದು. ಸ್ವಲ್ಪ ಮುಂದಕ್ಕೆ ಬಾಗಿ ಕೂರಲಿ, ಅರ್ಧ ಗಂಟೆಗೊಂದು ಸಲ ಎದ್ದು ಓಡಾಡಲಿ. ಬಿಸಿನೀರಿನ ಶಾಖ ಕೊಡಿ, ಸುಡೋ ಹಾಗಲ್ಲ. ಬೈಕ್ ಹಿಂದೆ ಕೂರೋದು ಸದ್ಯಕ್ಕೆ ಬೇಡ. ಮಾತ್ರೆ ಐದು ದಿನ." ಆಮೇಲೆ ಹುಡುಗಿಯ ಕಡೆ ನೋಡಿದಳು. "ಮಲ ಗಟ್ಟಿಯಾಗಿ ತಿಣುಕಿದ್ರೆ ನೋವು ಜಾಸ್ತಿ ಆಗುತ್ತೆ. ನೀರು ಕುಡೀತೀಯಾ?"

"ಸ್ಕೂಲಲ್ಲಿ ಕುಡಿಯಲ್ಲ."

"ಯಾಕೆ?"

"ಟಾಯ್ಲೆಟ್ ಬಾಗಿಲಿಗೆ ಚಿಲಕ ಇಲ್ಲ."

ಇದಕ್ಕೆ ಯಾವ ಮಾತ್ರೆ ಬರೆಯುವುದು ಎಂದು ಡಾಕ್ಟರಮ್ಮನಿಗೂ ತಿಳಿಯಲಿಲ್ಲವೇನೋ. ಸೋಮಮ್ಮನಿಗೆ ಮಾತ್ರ ಬೈಯಲು ಒಂದು ಜಾಗ ಸಿಕ್ಕಿ ಉಸಿರು ಬಂದಂತಾಯಿತು. "ಸ್ಕೂಲ್ ಗೋಡೆ ಮೇಲೆ ಆನೆ ಸಿಂಹ ಬರ್ಸಿದ್ದಾರೆ. ಒಂದು ಚಿಲಕ ಆಕ್ಸಕ್ಕೆ ಕೈ ಬರ್ನಿಲ್ಲ," ಎಂದಳು. ನಾಳೆಯೇ ಸ್ಕೂಲಿಗೆ ಹೋಗುತ್ತೇನೆ, ಚಿಲಕ ಬೀಳುವ ತನಕ ಆ ಬಾಗಿಲಲ್ಲೇ ನಿಲ್ಲುತ್ತೇನೆ ಎಂದೂ ಹೇಳಿದಳು.

"ಹೋಗಿ. ನೀರು, ಸೊಪ್ಪು, ಹಣ್ಣು ಜಾಸ್ತಿ ಕೊಡಿ," ಎಂದಳು ಡಾಕ್ಟರಮ್ಮ. "ನಾಲ್ಕು ವಾರ ಬಿಟ್ಟು ತೋರಿಸಿ. ಜ್ವರ ಬಂದ್ರೆ, ಕಾಲು ಜೋಮು ಹಿಡಿದ್ರೆ, ಮಲಗಿದಾಗಲೂ ನೋವಾದ್ರೆ, ಒಂದಕ್ಕೆ ಎರಡಕ್ಕೆ ತೊಂದ್ರೆ ಆದ್ರೆ ಅವತ್ತೇ ಬನ್ನಿ. ಮಾಲೀಸು, ತಿರುಚೋದು, ಒದೆಯೋದು ಇನ್ಮೇಲೆ ಬೇಡ ಅಮ್ಮ." ಆ ಕೊನೆಯ ಮಾತನ್ನು ಎಷ್ಟು ಮರ್ಯಾದೆಯಿಂದ ಹೇಳಿದಳೆಂದರೆ ಸೋಮಮ್ಮನಿಗೆ ಕೆನ್ನೆಗೆ ಹೊಡೆಸಿಕೊಂಡಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ನಿಂತುಕೊಂಡರು. ಬೆಂಚು ಖಾಲಿ ಇತ್ತು. ಸೋಮಮ್ಮ ಕೂರಲಿಲ್ಲ.

"ನಂಗ್ಯಾಕೆ ಸುಳ್ಳೇಳ್ದೆ?"

ಹುಡುಗಿ ಚಪ್ಪಲಿಯ ತುದಿಯಿಂದ ನೆಲ ಕೆರೆದಳು. "ಎಲ್ಲಾರ್ಗೂ ವಾಸಿ ಆಯ್ತದೆ. ನಂಗೊಬ್ಳಿಗೆ ಆಗ್ಲಿಲ್ಲ. ನಾನು ಸರಿಯಾಗಿ ನಂಬ್ಲಿಲ್ವೇನೋ ಅಂತ ಇದ್ದೆ. ಆಮೇಲೆ ನಂಬ್ದೆ. ಆದ್ರೂ ಆಗ್ಲಿಲ್ಲ."

"ಯೋಳ್ಬೋದಿತ್ತಲ್ಲ ಕೂಸೇ."

"ಹೇಳಿದ್ರೆ ಊರೋರು ನಿನ್ನ ಆಡ್ಕೋತಿದ್ರು ಅಜ್ಜಿ."

ಸೋಮಮ್ಮನ ತಲೆಯಲ್ಲಿ ಗೋಣಿಚೀಲದ ಮೇಲಿಂದ ಎದ್ದು ನಿಂತವರೆಲ್ಲ ಒಬ್ಬೊಬ್ಬರಾಗಿ ಬಂದರು. ಓಯ್ತು ಸೋಮಮ್ಮ, ಓಯ್ತು ಸೋಮಮ್ಮ. ಅದರಲ್ಲಿ ಎಷ್ಟು ನಿಜವಾಗಿ ಹೋಗಿತ್ತು, ಎಷ್ಟು ಮುದುಕಿಯ ಮುಖಕ್ಕೆ ಬೇಜಾರಾಗದಿರಲಿ ಎಂದು ಹೋಗಿತ್ತು? ದಡ್ಡ ನನ್ನ ಮಕ್ಕಳು ಎಂದು ಇಷ್ಟು ವರ್ಷ ಬೈದಳಲ್ಲ, ಆ ದಡ್ಡರೇ ಇವಳಿಗೆ ಕರುಣೆ ತೋರಿಸಿ, ನೋವು ಹೊತ್ತುಕೊಂಡು, ಮನೆಗೆ ಹೋಗಿ ಮುಲಾಮು ಹಚ್ಚಿಕೊಂಡಿರಬೇಕು. ತೂ ನಿನ್ನ ಜನ್ಮಕ್ಕೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಬೇರೆಯವರಿಗೆ ಬೈದಷ್ಟು ಸಲೀಸಾಗಿರಲಿಲ್ಲ ಅದು.

ಮನೆಗೆ ಬಂದ ಸಂಜೆಯೇ ಮಂಟಯ್ಯನಿಗೆ ಹೇಳಿದಳು. "ಇನ್ಮೇಕೆ ಯಾರ್ಗೂ ಒದೆಯಾಕಿಲ್ಲ. ಬಂದೋರ್ನ ಅಂಗೇ ಕಳ್ಸು."

ಮಂಟಯ್ಯನ ಮುಖ ಬಾಡಿಹೋಯಿತು. ಎರಡು ದಿನ ಕುರ್ಚಿಯನ್ನು ಒಳಗೇ ಇಟ್ಟಿದ್ದ. ಮೂರನೆಯ ದಿನ ಹೊರಗೆ ತಂದ. ಬಂದವರಿಗೆ, ಸೋಮಮ್ಮ ವ್ರತ ಹಿಡಿದಿದ್ದಾಳೆ, ವ್ರತ ಮುಗಿದ ಮೇಲೆ ಆ ಕಾಲಿಗೆ ಮೊದಲಿನ ಎರಡರಷ್ಟು ಶಕ್ತಿ ಬರುತ್ತದೆ ಎಂದು ಹೇಳಿ ಕಳಿಸತೊಡಗಿದ. ನಿಲ್ಲಿಸಿದ್ದರಿಂದಲೂ ಒಬ್ಬಳ ಹೆಸರು ಮೇಲೇರುತ್ತದೆ ಎಂದರೆ ಆ ಊರಿನ ಬಗ್ಗೆ ಬೇರೆ ಹೇಳುವುದೇನಿದೆ?

ಮುಂದಿನ ಭಾನುವಾರ ಬೆಳಿಗ್ಗೆ ಸೋಮಮ್ಮ ಹೊರಗೆ ಬಂದಾಗ ಜಗಲಿಯ ಮುಂದೆ ಐದಾರು ಜನ ನಿಂತಿದ್ದರು. ಮುಂದೆ ಇದ್ದವನು ಬೆಟ್ಟದಪುರದ ಶಿವಶಂಕರ. ಅವನ ಕೈ ಹಿಡಿದುಕೊಂಡು ಏಳು ವರ್ಷದ ಮಗಳು ಬೃಂದಾ, ನಿದ್ದೆಗಣ್ಣಿನಲ್ಲಿ, ಒಂದೇ ಕಾಲಿನ ಮೇಲೆ ಭಾರ ಹಾಕಿಕೊಂಡು ನಿಂತಿದ್ದಳು. ಸ್ಕೂಲಿನ ಜಾರುಬಂಡೆಯಿಂದ ಜಾರಿ ಕೆಳಗಿದ್ದ ಕಲ್ಲಿನ ಮೇಲೆ ಕೂತಳಂತೆ, ಮೂರು ದಿನದಿಂದ ಕೂರಲಾರಳು, ನಿಮ್ಮ ಮೊಮ್ಮಗಳಿಗೂ ಹೀಗೇ ಆಗಿ ವಾಸಿಯಾಯಿತಂತಲ್ಲ, ಅದಕ್ಕೇ ಬಂದೆ ಎಂದ ಶಿವಶಂಕರ.

"ಯಾರು ಯೋಳಿದ್ದು?" ಎಂದಳು ಸೋಮಮ್ಮ.

ಮಂಟಯ್ಯ ಕುರ್ಚಿಯಲ್ಲಿ ಕೂತು ಆಕಾಶ ನೋಡುತ್ತಿದ್ದ.

"ಕಾವ್ಯಾ, ಬಾ ಇಲ್ಲಿ."

ಒಳಗೆ ಕತ್ತರಿಸಿದ ದಿಂಬಿನ ಮೇಲೆ ಕೂತು ಓದುತ್ತಿದ್ದ ಹುಡುಗಿ ಎದ್ದು ಬಂದು ಕಂಬದ ಹತ್ತಿರ ನಿಂತಳು.

"ಎಲ್ಲಾರ ಮುಂದೂ ಯೋಳು. ನಾನು ಒದ್ದಾದ್ಮೇಲೆ ನಿಂಗೆ ವಾಸಿ ಆಯ್ತಾ?"

ಕಾವ್ಯಶ್ರೀ ತಾತನನ್ನು ನೋಡಿದಳು. ತಾತ ಬೇಡ ಎಂಬಂತೆ ಕತ್ತು ಅಲ್ಲಾಡಿಸಿದ. ಎದುರು ಮನೆಯ ಚಾಮುಂಡಮ್ಮ ಪೊರಕೆ ಹಿಡಿದುಕೊಂಡೇ ಬಂದು ನಿಂತಿದ್ದಳು.

"ಯೋಳು ಮಗ. ಯಾರು ಆಡ್ಕಂಡ್ರೂ ನನ್ನೇ ತಾನೆ? ಆಡ್ಕೊಳ್ಲಿ ಬುಡು."

"ಇಲ್ಲ," ಎಂದಳು ಹುಡುಗಿ. ಆಮೇಲೆ ಸ್ವಲ್ಪ ಗಟ್ಟಿಯಾಗಿ, "ಜಾಸ್ತಿ ಆಯ್ತು. ಈಗ ಆಸ್ಪತ್ರೆ ಔಷಧೀಲಿ ಕಡ್ಮೆ ಆಗ್ತಾ ಐತೆ."

ಇಲ್ಲಿಗೆ ಮುಗಿಯಿತು ಎಂದುಕೊಂಡಳು ಸೋಮಮ್ಮ. ಅವಳಿಗೆ ತನ್ನ ಊರಿನವರು ಇನ್ನೂ ಪೂರ್ತಿ ಗೊತ್ತಿರಲಿಲ್ಲ.

"ಮೊಮ್ಮಗ್ಳಲ್ವಾ," ಎಂದಳು ಚಾಮುಂಡಮ್ಮ ಪೊರಕೆ ಕೆಳಗಿಳಿಸಿ. "ಒಂದೇ ರಕ್ತ. ಸ್ವಂತ ರಕ್ತಕ್ಕೆ ಅತ್ತಾಕಿಲ್ಲ ಅದು."

"ಅದೇ ಮತ್ತೆ," ಎಂದ ಹಿಂದೆ ನಿಂತಿದ್ದವನೊಬ್ಬ. ಎಲ್ಲರಿಗೂ ಸಮಾಧಾನವಾಯಿತು. ಮಂಟಯ್ಯ ಕುರ್ಚಿಯಿಂದ ಎದ್ದು ನಿಂತು, "ನಾನು ಆವತ್ತೇ ಅಂದ್ಕಂಡೆ," ಎಂದ. ಅವನು ಯಾವತ್ತೂ ಏನನ್ನೂ ಅಂದುಕೊಂಡವನಲ್ಲ.

"ನಂದು ಬೇರೆ ರಕ್ತ ಕಣವ್ವ," ಎಂದ ಶಿವಶಂಕರ ಕೈಮುಗಿದು. "ಅಷ್ಟು ದೂರದಿಂದ ಬಂದಿದ್ದೀನಿ. ಜೋರಾಗಿ ಬ್ಯಾಡ, ಬರೀ ತಾಗ್ಸಿ ಸಾಕು." ಹೇಳುತ್ತಲೇ ಗೋಣಿಚೀಲವನ್ನು ತಾನೇ ಹಾಸಿ, ಮಗಳನ್ನು ಎತ್ತಿ ಅದರ ಮೇಲೆ ಬೋರಲು ಮಲಗಿಸಿದ.

ಸೋಮಮ್ಮ ಅವನನ್ನು ಬೈಯಲೆಂದು ಒಂದು ಹೆಜ್ಜೆ ಮುಂದಕ್ಕೆ ಇಟ್ಟಳು. ಇಟ್ಟದ್ದು ಎಡಗಾಲು. ಕತ್ತು ಹೊರಳಿಸಿ ನೋಡುತ್ತಿದ್ದ ಮಗುವಿಗೆ ಆ ಕಾಲು ಕಂಡಿತು.

"ಹೋಯ್ತು," ಎಂದಳು ಬೃಂದಾ. "ಅಪ್ಪ, ಹೋಯ್ತು. ನೋವು ಹೋಯ್ತು."

ಗುಂಪಿನಲ್ಲಿ ಗುಜುಗುಜು ಎದ್ದಿತು. ಒದೆಯುವ ಮುಂಚೆಯೇ ಹೋಯಿತು ಎಂದರು. ವ್ರತದ ಫಲ ಎಂದರು. ಶಿವಶಂಕರ ಕಣ್ಣು ಒದ್ದೆ ಮಾಡಿಕೊಂಡು ಆ ಕಾಲಿಗೆ ಕೈಮುಗಿಯಲು ಬಗ್ಗಿದ. ಅವನ ಹಿಂದೆ ಇನ್ನಿಬ್ಬರು ಬಗ್ಗಿದರು.

"ಎದ್ದೇಳ್ಲಾ," ಎಂದಳು ಸೋಮಮ್ಮ. ಅವನು ಬೆಚ್ಚಿ ಹಿಂದೆ ಸರಿದ. ಅವಳು ಒಂದು ಕೈಯನ್ನು ನೆಲಕ್ಕೆ ಊರಿ, ಮಂಡಿ ಮಡಿಸಿ, ಆ ಧೂಳಿನಲ್ಲಿ ಗೋಣಿಚೀಲದ ಪಕ್ಕ ಕೂತಳು. ನಲವತ್ತು ವರ್ಷದಲ್ಲಿ ಆ ಚೀಲದ ಮೇಲೆ ಮಲಗಿದವರ ಮುಖವನ್ನು ಅಷ್ಟು ಹತ್ತಿರದಿಂದ ಅವಳು ನೋಡಿರಲಿಲ್ಲ. ಮಗು ಇನ್ನೂ ಆ ಎಡಗಾಲನ್ನೇ ನೋಡುತ್ತಿತ್ತು.

"ನಾನು ಒದೆಯಾಕಿಲ್ಲ ಮಗ. ಯಾರೂ ಒದೆಯಾಕಿಲ್ಲ. ನೋವು ನಿಜ್ವಾಗ್ಲೂ ಓಯ್ತಾ?"

ಮಗು ಅಪ್ಪನ ಕಡೆ ನೋಡಿತು. ಅಪ್ಪ ಕೈಮುಗಿದುಕೊಂಡೇ ನಿಂತಿದ್ದ. ಕಂಬದ ಹತ್ತಿರ ನಿಂತಿದ್ದ ಕಾವ್ಯಶ್ರೀ ಬಂದು ಅಜ್ಜಿಯ ಪಕ್ಕದಲ್ಲಿ ಮಂಡಿಯೂರಿದಳು.

"ಹೇಳು ಪುಟ್ಟಿ," ಎಂದಳು. "ಅಜ್ಜಿ ಬೇಜಾರು ಮಾಡ್ಕೊಳಲ್ಲ."

ಬೃಂದಾ ಸೋಮಮ್ಮನ ಮುಖವನ್ನು ಬಹಳ ಹೊತ್ತು ನೋಡಿದಳು.

"ಹೋಗಿಲ್ಲ," ಎಂದಳು.